ಐದು ವರ್ಷಕ್ಕೆ ಒಂಬತ್ತು ತಿಂಗಳು ಬಾಕಿ

ಬೊಮ್ಮನಹಳ್ಳಿಯ ನಮ್ಮ ಆಫೀಸಿಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬರುವುದು ಭಾನುವಾರ. ಹಾಗಾಗಿ ಕಾರ್ಮಿಕ ಕಾನೂನಿನ ವಕೀಲನಾದ ನನಗೆ ಅವತ್ತು ರಜೆಯಿಲ್ಲ. ಹೋದ ವಾರ ಬಂದಾಕೆ ಟೈಲರ್. ಪ್ಲಾಸ್ಟಿಕ್ ಕವರಿನಿಂದ ಮಡಿಕೆಯಲ್ಲೇ ಹರಿದಿದ್ದ ಪೇ ಸ್ಲಿಪ್‌ಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

"ಕೆಲಸ ಬಿಡ್ತೀನಿ ಸಾರ್. ಪಿಎಫ್ ತೆಗೆಸಿಕೊಡಿ."

"ಸರ್ವಿಸ್ ಎಷ್ಟಾಯ್ತಮ್ಮ?"

"ನಾಲ್ಕು ವರ್ಷ ಮೂರು ತಿಂಗಳು."

ಪೆನ್ನು ಕೆಳಗಿಟ್ಟೆ. ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು, ಸಿಗಬೇಕಾದರೆ ಐದು ವರ್ಷ ಸತತ ದುಡಿದಿರಬೇಕು. 1972ರ ಕಾನೂನು ಹಾಕಿದ ಗೆರೆ ಅದು. ಮೂಲವೇತನ, ಡಿಎ ಸೇರಿ ಈಕೆಗೆ 13,000 ರೂಪಾಯಿ. ಅದನ್ನು ತಿಂಗಳಿಗೆ 26 ಕೆಲಸದ ದಿನದಂತೆ ಭಾಗಿಸಿ, 15 ದಿನದ ಸಂಬಳಕ್ಕೆ ಗುಣಿಸಿದರೆ ವರ್ಷಕ್ಕೆ 7,500. ಐದು ವರ್ಷಕ್ಕೆ 37,500. ಈಗ ಬಿಟ್ಟರೆ ಸೊನ್ನೆ. ಪಕ್ಕದ ಫ್ಯಾಕ್ಟರಿಗೆ ಸೇರಿಕೊಂಡರೆ ಲೆಕ್ಕ ಮತ್ತೆ ಒಂದರಿಂದ.

ಪಿಎಫ್ ಲೆಕ್ಕ ಬೇರೆ. ತಿಂಗಳಿಗೆ ಈಕೆಯ ಸಂಬಳದಲ್ಲಿ ಹಿಡಿಯುವುದು ಶೇ 12, ಅಂದರೆ 1,560. ಮಾಲೀಕರೂ ಅಷ್ಟೇ ಕಟ್ಟುತ್ತಾರೆ, ಆದರೆ ಅದರಲ್ಲಿ 1,083 ಪಿಂಚಣಿ ನಿಧಿಗೆ ಹೋಗುತ್ತದೆ. ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು. ಹಣ ತೆಗೆಯದೆ ಹೊಸ ಕೆಲಸಕ್ಕೆ ಖಾತೆ ವರ್ಗಾಯಿಸಿಕೊಂಡರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಇದನ್ನು ನೂರು ಸಲ ಹೇಳಿದ್ದೇನೆ. ಕೇಳುವವರು ಕಡಿಮೆ.

ಪಿಎಫ್ ಹಣಕ್ಕಾಗಿ ಹೀಗೆ ಕೆಲಸ ಬಿಡುವುದನ್ನು ದುಡುಕು ಎನ್ನುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂದಾಗ ನನಗೆ ಅದು ಮುಂದಾಲೋಚನೆಯಾಗಿಯೇ ಕಂಡಿತ್ತು. ಏಪ್ರಿಲ್ 18ರಂದು ಹೊಸೂರು ರಸ್ತೆಯ ತುಂಬ ಹೆಂಗಸರು ಬಂದು ಕೂತರು. ಮಾರನೆಯ ದಿನ ಪೀಣ್ಯದ ಕಡೆಯೂ ಹಬ್ಬಿತು. ಕಲ್ಲು, ಲಾಠಿ, ಬೆಂಕಿ ಎಲ್ಲ ಆಯಿತು. 19ರ ಸಂಜೆಯೊಳಗೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು.

ನನ್ನಂಥವನಿಗೆ ಮಗಳ ಫೀಸು ಕಟ್ಟಲು ಬ್ಯಾಂಕಿನವರು ತಾವಾಗಿಯೇ ಫೋನ್ ಮಾಡಿ ಪರ್ಸನಲ್ ಲೋನ್ ಕೊಡುತ್ತಾರೆ. ಇವರಿಗೆ ಪಿಎಫೇ ಬ್ಯಾಂಕು, ಆ ಬ್ಯಾಂಕಿನ ಬಾಗಿಲು ತೆಗೆಯುವ ಬೀಗದ ಕೈ ರಾಜೀನಾಮೆ. ಒಂದೇ ಕಡೆ ಮೂವತ್ತು ವರ್ಷ ದುಡಿದು ನಿವೃತ್ತಿಯಾಗುವ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾನೂನುಗಳಿವು. ಹೆರಿಗೆ, ಊರಿನ ಸಾಲ, ಲೈನ್ ಸೂಪರ್‌ವೈಸರ್ ಜೊತೆ ಜಗಳ, ಹೀಗೆ ನಡುನಡುವೆ ತುಂಡಾಗುವ ಸರ್ವಿಸ್ ಅವುಗಳ ಅಳತೆಗೆ ಸಿಗುವುದಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು, ಶಕ್ತಿಯ ಉಚಿತ ಬಸ್ಸನ್ನು 'ಬಿಟ್ಟಿ' ಎಂದು ಟಿವಿಯಲ್ಲಿ ಹೀಯಾಳಿಸುವವರು, ದುಡಿದೂ ಕೈಗೆ ಬಾರದ ಈ 37,500ರ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

"ಇನ್ನೊಂಬತ್ತು ತಿಂಗಳು ತಡ್ಕೊಳ್ಳಿ ಅಮ್ಮ," ಎಂದೆ.

"ಸ್ಕೂಲಿನೋರು ತಡೀತಾರಾ ಸಾರ್?"

ಕೆಲಸ ಬಿಡದೆ ಮುಂಗಡ ಕೇಳುವ ಫಾರಂ 31 ತೆಗೆದೆ. ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್ ಖಾತೆಯಲ್ಲಿ ಲಕ್ಷ್ಮಿ. ಮೊದಲು ಹೆಸರು ತಿದ್ದಿಸಬೇಕು. ಬರುವ ಭಾನುವಾರ ಮತ್ತೆ ಬರುತ್ತಾರೆ.