ಕ್ರಿಯಾಟಿನಿನ್ 1.1: ‘ನಾರ್ಮಲ್’ ಎನ್ನುವ ಮೊದಲು

ಇಂಡಿ, ಸಿಂದಗಿ, ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ರಕ್ತ ತಪಾಸಣೆಗೆ ಬಂದವರು ರಿಪೋರ್ಟಿನಲ್ಲಿ ‘ಕ್ರಿಯಾಟಿನಿನ್ 1.1’ (ಕಿಡ್ನಿ ಸೋಸಿ ಹೊರಹಾಕುವ ಕಸ ರಕ್ತದಲ್ಲಿ ಎಷ್ಟಿದೆ ಎಂಬ ಅಳತೆ, ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಕಂಡರೆ ‘ಕಿಡ್ನಿ ಆರಾಮ ಐತಿ’ ಎಂದು ಬಸ್ಸು ಹತ್ತುತ್ತಾರೆ. 25 ವರ್ಷದ ಗಂಡಸಿಗೆ ಈ ಮಾತು ಸರಿ. ಈಗಿನ ಸೂತ್ರಕ್ಕೆ ಹಾಕಿದರೆ ಅವನ ಇ-ಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂಬ ಅಂದಾಜು, ಸುಮಾರು 96 ಬರುತ್ತದೆ. ಅದೇ 1.1 ಇರುವ 65 ವರ್ಷದ ಹೆಂಗಸಿಗೆ ಬರುವುದು 56. ಅದು 60ಕ್ಕಿಂತ ಕೆಳಗೇ ಮೂರು ತಿಂಗಳು ನಿಂತರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದು ಲೆಕ್ಕ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಮೈಯಲ್ಲಿ ಮಾಂಸಖಂಡ ಕಡಿಮೆಯಿದ್ದರೆ ಅದರ ಉತ್ಪತ್ತಿಯೂ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಅಂಕಿ ಅಷ್ಟಾಗಿ ಏರದಿರಬಹುದು. 1886ರಲ್ಲಿ ಮ್ಯಾಕ್ಸ್ ಯಾಫೆ ಕಂಡುಹಿಡಿದ ಪಿಕ್ರಿಕ್ ಆಮ್ಲದ ಕಿತ್ತಳೆ ಬಣ್ಣದ ಪರೀಕ್ಷೆ ಅಗ್ಗವಾದ್ದರಿಂದ ಇಂದಿಗೂ ಅನೇಕ ಲ್ಯಾಬುಗಳಲ್ಲಿ ನಡೆಯುತ್ತಿದೆ. ಕೀಟೋನ್, ಹೆಚ್ಚಿದ ಸಕ್ಕರೆ, ಕೆಲವು ಸೆಫಲೋಸ್ಪೊರಿನ್ ಔಷಧಗಳು ಕೂಡ ಅದೇ ಬಣ್ಣ ತರುತ್ತವೆ, ಅಂಕಿ ಸುಳ್ಳೇ ಏರುತ್ತದೆ. ಕಾಮಾಲೆಯಿದ್ದಾಗ ಇದಕ್ಕೆ ತದ್ವಿರುದ್ಧ, ಅಂಕಿ ಇಳಿಯುತ್ತದೆ. ಎಂಜೈಮ್ ವಿಧಾನದಲ್ಲಿ ಈ ತೊಂದರೆ ಬಹಳ ಕಡಿಮೆ.

ನಿಜವಾದ ಸೋಸುವಿಕೆ ಅಳೆಯಲು ಇನುಲಿನ್‌ನಂಥ ವಸ್ತುವನ್ನು (ಇದು ಸಕ್ಕರೆ ಕಾಯಿಲೆಯ ಇನ್ಸುಲಿನ್ ಅಲ್ಲ) ರಕ್ತನಾಳಕ್ಕೆ ಕೊಟ್ಟು ಗಂಟೆಗಟ್ಟಲೆ ಮೂತ್ರ ಸಂಗ್ರಹಿಸಬೇಕು. 24 ಗಂಟೆಯ ಮೂತ್ರ ಸಂಗ್ರಹವೂ ಇದೆ, ಆದರೆ ಒಂದು ಸಲ ಹಿಡಿಯುವುದು ತಪ್ಪಿದರೂ ಲೆಕ್ಕ ಕೆಡುತ್ತದೆ. ಈ ಕಷ್ಟ ತಪ್ಪಿಸಲು 1976ರಲ್ಲಿ ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಒಂದು ಸೂತ್ರ ಕೊಟ್ಟರು: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸುವುದು. ಅವರು ಅಳೆದದ್ದು 249 ಗಂಡಸರನ್ನು. ಹೆಂಗಸರಿಗೆಂದು ಕೊನೆಗೆ ಗುಣಿಸಲು ಸೇರಿಸಿದ 0.85 ಊಹೆಯ ಅಂಕಿ.

ಮುಂದಿನ ದೊಡ್ಡ ಹೆಜ್ಜೆ ಬಾಸ್ಟನ್‌ನ ಕಿಡ್ನಿ ತಜ್ಞ ಆಂಡ್ರ್ಯೂ ಲೆವಿ ಅವರದು. ಕಡಿಮೆ ಪ್ರೋಟೀನ್ ಊಟದಿಂದ ಕಿಡ್ನಿ ಕಾಯಿಲೆ ನಿಧಾನವಾಗುತ್ತದೆಯೇ ಎಂದು ನೋಡಲು ನಡೆದ ಅಧ್ಯಯನದ 1628 ರೋಗಿಗಳ ಮಾಹಿತಿಯಿಂದ 1999ರಲ್ಲಿ ಅವರ ತಂಡ ಎಂಡಿಆರ್‌ಡಿ ಸೂತ್ರ ಪ್ರಕಟಿಸಿತು. ಎಲ್ಲರೂ ಕಾಯಿಲೆಯವರೇ ಆಗಿದ್ದರಿಂದ ಆರೋಗ್ಯವಂತರಲ್ಲಿ ಅದು ಕಡಿಮೆ ತೋರಿಸುತ್ತಿತ್ತು. 2009ರ ಸಿಕೆಡಿ-ಎಪಿ ಸೂತ್ರ ಇದನ್ನು ಬಹುಮಟ್ಟಿಗೆ ಸರಿಪಡಿಸಿತು. ಕಪ್ಪು ಜನಾಂಗದವರಿಗೆ ಪ್ರತ್ಯೇಕವಾಗಿ ಗುಣಿಸುತ್ತಿದ್ದ ಅಂಕಿಯನ್ನು 2021ರಲ್ಲಿ ಕೈಬಿಟ್ಟರು. ಮೊದಲು ಹೇಳಿದ ‘ಈಗಿನ ಸೂತ್ರ’ ಇದೇ.

ಈ ಇಡೀ ಇತಿಹಾಸದಲ್ಲಿ ಜೋಳದ ರೊಟ್ಟಿ, ಬೇಳೆ ಉಂಡು 45 ಕಿಲೋ ತೂಗುವ ನಮ್ಮ ಕಡೆಯ ಹೆಂಗಸಿನ ಲೆಕ್ಕ ಎಲ್ಲಿದೆ? ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಇನುಲಿನ್ ಬಳಸಿ ಭಾರತೀಯರ ಕಿಡ್ನಿಯನ್ನು ನೇರವಾಗಿ ಅಳೆದು, ಬಳಕೆಯಲ್ಲಿರುವ ಕ್ರಿಯಾಟಿನಿನ್ ಸೂತ್ರಗಳು ಇದ್ದುದಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು 2018ರಲ್ಲಿ ಪ್ರಕಟಿಸಿದರು. ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಯ ವೈದ್ಯರಿಗೆ ಬೇರೆಲ್ಲಕ್ಕಿಂತ ಮುಖ್ಯವಾದ ಪ್ರಬಂಧ ಇದು. ರಿಪೋರ್ಟಿನ 56, ತೆಳ್ಳಗಿನ ಮೈಯವರಲ್ಲಿ ಅದಕ್ಕಿಂತ ಕಡಿಮೆಯೇ ಇರಬಹುದು.

ಇನ್ನೊಂದು ಎಡವಟ್ಟು ಔಷಧದ ಪ್ರಮಾಣದಲ್ಲಿ ಆಗುತ್ತದೆ. ರಿಪೋರ್ಟಿನ ಅಂಕಿ 1.73 ಚದರ ಮೀಟರ್ ಮೈ ವಿಸ್ತಾರಕ್ಕೆ ಹೊಂದಿಸಿದ್ದು. 1.73 ಎಂಬುದು 1920ರ ದಶಕದ ಅಮೆರಿಕದ ತರುಣರ ಸರಾಸರಿ. ಮೊದಲು ಹೇಳಿದ 65 ವರ್ಷದ ಹೆಂಗಸು 150 ಸೆಂಟಿಮೀಟರ್ ಎತ್ತರ, 45 ಕಿಲೋ ತೂಕದವಳಾದರೆ ಆಕೆಯ ಮೈ ವಿಸ್ತಾರ ಸುಮಾರು 1.37. ಆಕೆಯ 56, ನಿಜದಲ್ಲಿ ನಿಮಿಷಕ್ಕೆ ಸುಮಾರು 44 ಮಿಲಿಲೀಟರ್. ಕಾಕ್‌ಕ್ರಾಫ್ಟ್ ಸೂತ್ರ ಇನ್ನೂ ಕೆಳಗೆ, 36 ಎನ್ನುತ್ತದೆ. ಕಿಡ್ನಿಯಿಂದಲೇ ಹೊರಹೋಗುವ ಔಷಧಗಳಲ್ಲಿ ಈ ವ್ಯತ್ಯಾಸದಿಂದ ಪ್ರಮಾಣ ಮಿತಿಮೀರಬಹುದು.

ತಪಾಸಣೆಗೆ ಹೋಗುವವರು ಹಿಂದಿನ ರಾತ್ರಿ ಮಾಂಸದೂಟ ಬಿಡಬೇಕು, ಬೇಯಿಸಿದ ಮಾಂಸ ಕ್ರಿಯಾಟಿನಿನ್ ಏರಿಸುತ್ತದೆ. ಮೇ ತಿಂಗಳ ಬಿಸಿಲಲ್ಲಿ ಹೊಲದಿಂದ ನೀರಿಲ್ಲದೆ ನೇರ ಬಂದು ರಕ್ತ ಕೊಟ್ಟರೂ ಅಂಕಿ ಏರುತ್ತದೆ. ಮೈಕೈ ನೋವಿಗೆ ಡೈಕ್ಲೋಫಿನಾಕ್ ಗುಳಿಗೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದು ಕಿಡ್ನಿಯ ರಕ್ತ ಹರಿವನ್ನೇ ಕುಗ್ಗಿಸುತ್ತದೆ. ಚೀಟಿಯಲ್ಲಿ ವಯಸ್ಸು ಅಂದಾಜಿಗೆ ಬರೆಸಬೇಡಿ, ಹತ್ತು ವರ್ಷ ತಪ್ಪಿದರೆ ಇ-ಜಿಎಫ್‌ಆರ್ ಶೇ. 6ರಷ್ಟು ಸರಿಯುತ್ತದೆ.

ರಕ್ತದ ಜೊತೆಗೆ ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕಿಡ್ನಿಗೆ ಪೆಟ್ಟಾದಾಗ ಮೂತ್ರಕ್ಕೆ ಸೋರುವ ಪ್ರೋಟೀನಿನ ಅಳತೆ) ಕೇಳಿ ಮಾಡಿಸಿ, ಸಕ್ಕರೆ ಕಾಯಿಲೆ, ಬಿಪಿ ಇದ್ದವರಂತೂ ವರ್ಷಕ್ಕೊಮ್ಮೆ ತಪ್ಪದೆ. ಗ್ರಾಂಗೆ 30 ಮಿಲಿಗ್ರಾಂ ದಾಟಿದರೆ, ಇ-ಜಿಎಫ್‌ಆರ್ 90 ಇದ್ದರೂ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು. ಜ್ವರ ಅಥವಾ ಮೂತ್ರದ ಸೋಂಕು ಇದ್ದಾಗ ಮಾತ್ರ ಬೇಡ, ಆಗ ಸುಮ್ಮನೆ ಹೆಚ್ಚು ಬರುತ್ತದೆ. ಮೈ ತೀರ ಸಣಕಲಾಗಿದ್ದು ಅನುಮಾನ ಉಳಿದರೆ, ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ಪ್ರೋಟೀನಿನ ರಕ್ತ ಪರೀಕ್ಷೆ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ.