ಕಾಲು ಇಂಚಿನ ಲೆಕ್ಕ: ಮನೆಯಲ್ಲೇ ಕ್ವಿಲ್ಟ್ ಹೊಲಿಯುವವರಿಗೆ ಟಿಪ್ಪಣಿ

ಉಡುಪು ಹೊಲಿದು ಅಭ್ಯಾಸ ಇದ್ದವರಿಗೆ ಕ್ವಿಲ್ಟ್, ಅಂದರೆ ಬಟ್ಟೆಯ ತುಂಡುಗಳನ್ನು ಸಾಲಾಗಿ ಜೋಡಿಸಿ ಮೂರು ಪದರದಲ್ಲಿ ಹೊಲಿಯುವ ಕೌದಿಯಂಥ ಹೊದಿಕೆ, ಸುಲಭ ಅನ್ನಿಸುತ್ತದೆ. ತೋಳಿಲ್ಲ, ಕುತ್ತಿಗೆಯಿಲ್ಲ, ಎಲ್ಲಾ ನೇರ ಹೊಲಿಗೆ. ಆದರೆ ಉಡುಪಿನಲ್ಲಿ ಮಾರ್ಜಿನ್ (ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗೆ ಬಿಡುವ ಜಾಗ) ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಕ್ವಿಲ್ಟ್‌ನಲ್ಲಿ ಬಿಡುವುದೇ ಕಾಲು ಇಂಚು, ಅದು ಎಲ್ಲಾ ಕಡೆ ಒಂದೇ ಸಮ ಇರಬೇಕು. ಮೂಲೆಗಳು ಕೂಡದಿರುವುದು, ಸಾಲುಗಳ ಉದ್ದ ಬೇರೆಬೇರೆಯಾಗುವುದು, ಇಂಥ ತೊಂದರೆ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಒಂದು ಲೆಕ್ಕ ನೋಡಿ. ಸಾಲಿನಲ್ಲಿ 8 ಚೌಕ ಇದ್ದರೆ ನಡುವೆ 7 ಹೊಲಿಗೆ. ಪ್ರತಿ ಹೊಲಿಗೆ ಎರಡೂ ಬದಿಯ ಮಾರ್ಜಿನ್ ತಿನ್ನುತ್ತದೆ. ನೀವು ಬರೀ 1/16 ಇಂಚು ಜಾಸ್ತಿ ಒಳಗೆ ಹೊಲಿದರೂ ಒಂದು ಹೊಲಿಗೆಗೆ 1/8 ಇಂಚು ಹೋಯಿತು. ಏಳಕ್ಕೆ 7/8 ಇಂಚು. ಕಣ್ಣಿಗೆ ಕಾಣದ ತಪ್ಪು, ಕೊನೆಗೆ ಸುಮಾರು ಒಂದು ಇಂಚು ಗಿಡ್ಡ!

ಪರೀಕ್ಷೆ ಸುಲಭ. 1.5 ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ ಅಕ್ಕಪಕ್ಕ ಜೋಡಿಸಿ ಹೊಲಿಯಿರಿ, ಇಸ್ತ್ರಿ ಮಾಡಿ, ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ 1 ಇಂಚು ಬರಬೇಕು. ಕಮ್ಮಿ ಬಂದರೆ ಮಾರ್ಜಿನ್ ಅಗಲ ಆಗುತ್ತಿದೆ ಎಂದರ್ಥ. ಗೆರೆಯ ಮೇಲೇ ಹೊಲಿದರೂ ಹೀಗಾಗಬಹುದು, ಯಾಕೆಂದರೆ ಬಟ್ಟೆ ಮಡಚುವ ಜಾಗದಲ್ಲೂ ಸ್ವಲ್ಪ ಅಳತೆ ಹೋಗುತ್ತದೆ. ಅದಕ್ಕೇ ಕಾಲು ಇಂಚಿಗಿಂತ ಒಂದು ಎಳೆಯಷ್ಟು ಕಮ್ಮಿ ಹಿಡಿಯುವುದು ವಾಡಿಕೆ.

ಇದಕ್ಕೆ ವಿಶೇಷ ಫುಟ್ (ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ ಭಾಗ) ಕೊಳ್ಳಲೇಬೇಕು ಅಂತೇನಿಲ್ಲ. ಸೂಜಿಯ ಕೆಳಗೆ ಸ್ಕೇಲ್ ಇಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ, ಸೂಜಿಯ ತುದಿ ಕಾಲು ಇಂಚಿನ ಗೆರೆಯನ್ನು ಮುಟ್ಟುವಂತೆ ಮಾಡಿ. ಸ್ಕೇಲಿನ ಅಂಚಿಗೆ ತಾಗಿದಂತೆ ಮಷಿನ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಾಲ್ಕೈದು ಪದರ, ಒಂದರ ಮೇಲೊಂದು. ಬಟ್ಟೆಯ ಅಂಚು ಆ ಗೋಡೆಗೆ ಒರಗಿಕೊಂಡೇ ಮುಂದೆ ಹೋಗುತ್ತದೆ. ಬಟ್ಟೆ ಎಳೆಯುವ ಹಲ್ಲುಗಳನ್ನು ಮಾತ್ರ ಟೇಪ್ ಮುಚ್ಚಬಾರದು. ಜೋಡಿಸುವಾಗ ಹೊಲಿಗೆಯ ಉದ್ದ 2 ಮಿಲಿಮೀಟರ್ ಇಟ್ಟರೆ ಸಾಕು. ಅಷ್ಟು ಚಿಕ್ಕದಿದ್ದರೆ ತುದಿಯಲ್ಲಿ ಗಂಟು ಹಾಕದಿದ್ದರೂ ಸುಲಭಕ್ಕೆ ಬಿಚ್ಚುವುದಿಲ್ಲ.

ಕತ್ತರಿಸುವುದಕ್ಕೆ ಮುಂಚೆ

ಗಾಢ ಕೆಂಪು, ಕಡು ನೀಲಿ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ತುಂಡಿನ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಮೊದಲೇ ತೊಳೆಯಿರಿ. ಎಲ್ಲವನ್ನೂ ತೊಳೆಯಬೇಕೇ ಎನ್ನುವುದು ನಿಮಗೆ ಬಿಟ್ಟದ್ದು, ಆದರೆ ಅರ್ಧ ತೊಳೆದದ್ದು ಅರ್ಧ ತೊಳೆಯದ್ದು ಬೆರೆಸುವುದು ಬೇಡ. ಕುಗ್ಗುವ ಪ್ರಮಾಣ ಬೇರೆಯಾಗಿ ಸುಕ್ಕು ಬರುತ್ತದೆ.

ತೊಳೆದ ಬಟ್ಟೆ ಮೆತ್ತಗಾಗಿ ಕತ್ತರಿಸುವಾಗ ಜಾರುತ್ತದೆ. ಅದಕ್ಕೆ ಮನೆಯಲ್ಲೇ ಗಂಜಿ ಮಾಡಿಕೊಳ್ಳಿ: ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಎರಡು ಕಪ್ ನೀರಿಗೆ ಸೇರಿಸಿ ಕುದಿಸಿ, ಆರಿಸಿ, ಸೋಸಿ, ಸ್ಪ್ರೇ ಬಾಟಲಿಗೆ ತುಂಬಿ. ಕೆಲವೇ ದಿನಕ್ಕೆ ಹಳಸುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ. ಗಂಜಿ ಹಾಕಿದ ಬಟ್ಟೆಯನ್ನು ಹಾಗೇ ತಿಂಗಳುಗಟ್ಟಲೆ ಎತ್ತಿಡಬೇಡಿ, ಹುಳ ಬರುತ್ತವೆ.

ಅಳತೆಯ ಅಚ್ಚಿಗೆ ಖಾಲಿ ಡಬ್ಬದ ರಟ್ಟು ಸಾಕು. ಆದರೆ ಪೆನ್ಸಿಲ್ ಸುತ್ತಾಡಿ ಸುತ್ತಾಡಿ ಅಂಚು ಸವೆಯುತ್ತದೆ, ಒಂದಷ್ಟು ತುಂಡುಗಳ ನಂತರ ಹೊಸದು ಮಾಡಿ. ಗಾಢ ಬಟ್ಟೆಯ ಮೇಲೆ ಗುರುತು ಹಾಕಲು ತೆಳ್ಳಗಾದ ಬಿಳಿ ಸೋಪಿನ ಚೂರು ಚಾಕ್‌ಗಿಂತ ಚೆನ್ನ.

ತ್ರಿಕೋನ ಬೇಕಾದಾಗ ತ್ರಿಕೋನವಾಗಿ ಕತ್ತರಿಸಿ ಹೊಲಿಯಬೇಡಿ. ಕ್ರಾಸ್ ಅಂಚು, ಅಂದರೆ ನೇಯ್ಗೆಗೆ ಓರೆಯಾಗಿ ಕತ್ತರಿಸಿದ ಅಂಚು, ಮುಟ್ಟಿದರೆ ಎಳೆದುಕೊಳ್ಳುತ್ತದೆ. ಬದಲಿಗೆ ಎರಡು ಬಣ್ಣದ ಚೌಕಗಳನ್ನು ಸೀದಾ ಬದಿ ಒಳಗೆ ಬರುವಂತೆ ಒಂದರ ಮೇಲೊಂದಿಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಕಡೆ ಕಾಲು ಇಂಚು ದೂರದಲ್ಲಿ ಹೊಲಿಯಿರಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಎರಡು ಚೌಕ ಸಿಗುತ್ತವೆ, ಪ್ರತಿಯೊಂದರಲ್ಲೂ ಎರಡು ಬಣ್ಣ. ಅಳತೆಗೆ, ಕೊನೆಗೆ ಬೇಕಾದದ್ದಕ್ಕೆ 1 ಇಂಚು ಸೇರಿಸಿ. 3 ಇಂಚಿನ ಚೌಕ ಬೇಕಿದ್ದರೆ 4 ಇಂಚಿನದು ಕತ್ತರಿಸಿ, ಹೊಲಿದ ಮೇಲೆ 3.5 ಇಂಚಿಗೆ ಸವರಿ. ಉಳಿದ ಅರ್ಧ ಇಂಚು ಸುತ್ತಲಿನ ಮಾರ್ಜಿನ್‌ಗೆ.

ಇಸ್ತ್ರಿ

ಇಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜುವುದಲ್ಲ, ಇಟ್ಟು ಎತ್ತುವುದು. ಉಜ್ಜಿದರೆ ಚೌಕ ಸೊಟ್ಟಗಾಗುತ್ತದೆ. ಮೊದಲ ಸಾಲಿನ ಮಾರ್ಜಿನ್‌ಗಳನ್ನೆಲ್ಲ ಬಲಕ್ಕೆ ಮಲಗಿಸಿ, ಎರಡನೇ ಸಾಲಿನವನ್ನು ಎಡಕ್ಕೆ. ಎರಡು ಸಾಲು ಜೋಡಿಸಿ ಹಿಡಿದಾಗ ಹೆಬ್ಬೆರಳು ತೋರುಬೆರಳಿನ ನಡುವೆ ಆ ಎರಡು ಉಬ್ಬುಗಳು ಒಂದಕ್ಕೊಂದು ಒತ್ತಿಕೊಂಡು ಕೂರುವುದು ಗೊತ್ತಾಗುತ್ತದೆ. ಅಲ್ಲೇ ಪಿನ್ ಚುಚ್ಚಿ. ಎದುರುಬದುರು ಮಲಗಿಸದಿದ್ದರೆ ನಾಲ್ಕು ಪದರ ಒಂದೇ ಕಡೆ ಗುಡ್ಡೆಯಾಗಿ ಸೂಜಿ ಪಕ್ಕಕ್ಕೆ ಜಾರುತ್ತದೆ.

ಮೂರು ಪದರ

ಹಿಂಬದಿಯ ಬಟ್ಟೆಯನ್ನು ಉಲ್ಟಾ ಬದಿ ಮೇಲೆ ಬರುವಂತೆ ನೆಲಕ್ಕೆ ಹಾಸಿ, ಅಂಚುಗಳನ್ನು ಟೇಪ್‌ನಿಂದ ಅಂಟಿಸಿ. ಬಿಗಿಯಾಗಿರಲಿ, ಆದರೆ ಎಳೆದು ಹಿಗ್ಗಿಸಬೇಡಿ. ಅದರ ಮೇಲೆ ಒಳಪದರ, ಆಮೇಲೆ ಮೇಲಿನ ಬಟ್ಟೆ. ಕೆಳಗಿನ ಎರಡೂ ಎಲ್ಲಾ ಕಡೆ ಎರಡು ಮೂರು ಇಂಚು ಜಾಸ್ತಿ ಇರಲಿ, ಹೊಲಿಯುವಾಗ ಪದರಗಳು ಸರಿಯುತ್ತವೆ. ಒಳಪದರಕ್ಕೆ ತೊಳೆದ ಹಳೆಯ ತೆಳು ಕಂಬಳಿ ಅಥವಾ ಬೆಡ್‌ಶೀಟ್ ಆಗುತ್ತದೆ. ಪಾಲಿಯೆಸ್ಟರ್ ಆದರೆ ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ.

ನಡುವಿನಿಂದ ಅಂಚಿನ ಕಡೆಗೆ, ಅಂಗೈ ಅಗಲಕ್ಕೊಂದರಂತೆ ಸೇಫ್ಟಿ ಪಿನ್ ಹಾಕುತ್ತಾ ಹೋಗಿ. ಇದು ಬೇಸರದ ಕೆಲಸ, ಆದರೆ ಇಲ್ಲಿ ಜಿಪುಣತನ ಮಾಡಿದರೆ ಹಿಂಬದಿಯಲ್ಲಿ ಮಡಿಕೆ ಗ್ಯಾರಂಟಿ. ಮಷಿನ್‌ನಲ್ಲಾದರೆ ಹೊಲಿಗೆ ಉದ್ದ 3 ಮಿಲಿಮೀಟರಿಗೆ ಏರಿಸಿ, ಸೂಜಿ 90 ನಂಬರಿನದು ಹಾಕಿ, ನಡುವಿನಿಂದಲೇ ಶುರು ಮಾಡಿ.

ಕೈಹೊಲಿಗೆಯಾದರೆ ದಾರ ಒಂದೂವರೆ ಅಡಿಗಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ತುದಿಗೆ ಸಣ್ಣ ಗಂಟು ಹಾಕಿ, ಶುರು ಮಾಡುವ ಜಾಗದಿಂದ ಒಂದು ಇಂಚು ದೂರದಲ್ಲಿ ಸೂಜಿಯನ್ನು ಮೇಲಿನ ಬಟ್ಟೆಗೆ ಇಳಿಸಿ, ಒಳಪದರದಲ್ಲೇ ಸಾಗಿಸಿ ಮೇಲೆ ತನ್ನಿ. ಈಗ ಮೆಲ್ಲಗೆ ಜಗ್ಗಿ. 'ಟಪ್' ಅಂತ ಗಂಟು ಬಟ್ಟೆ ದಾಟಿ ಒಳಗೆ ಹೋಗಿ ಕೂರುತ್ತದೆ. ಮೇಲೂ ಕಾಣುವುದಿಲ್ಲ, ಕೆಳಗೂ ಕಾಣುವುದಿಲ್ಲ.

ಅಂಚುಪಟ್ಟಿಯ ಲೆಕ್ಕ

ಕ್ವಿಲ್ಟ್‌ನ ಅಂಚನ್ನು ಸುತ್ತಲೂ ಮುಚ್ಚುವ ಪಟ್ಟಿಗೆ, ಸುತ್ತಳತೆಗೆ 10 ಇಂಚು ಸೇರಿಸಿ. 60 × 48 ಇಂಚಿನ ಕ್ವಿಲ್ಟ್‌ಗೆ ಸುತ್ತಳತೆ 216, ಹತ್ತು ಸೇರಿ 226. ಬಟ್ಟೆಯ ಅಗಲ 40 ಇಂಚಾದರೆ 2.5 ಇಂಚಿನ 6 ಪಟ್ಟಿ ಬೇಕು, ಅಂದರೆ 15 ಇಂಚು ಬಟ್ಟೆ. ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ದಪ್ಪ ಹಂಚಿಹೋಗುತ್ತದೆ. ಪ್ರತಿ ಜೋಡಣೆಗೆ 2.5 ಇಂಚು ಹೋಗುವುದರಿಂದ 240ರಲ್ಲಿ ಉಳಿಯುವುದು 227.5. ಕತ್ತರಿ ತಪ್ಪಿದರೆ ಸಾಲದು, ಅಲ್ವಾ? ಏಳನೇ ಪಟ್ಟಿಯೊಂದನ್ನು ಮೊದಲೇ ಕತ್ತರಿಸಿ ಪಕ್ಕಕ್ಕಿಡಿ.