ಆಶ್ರಯಮನೆಯ ಬಾಡಿಗೆ ಯಾರು ಕಟ್ಟಬೇಕು?

ಲಂಡನ್ನಿನ ನನ್ನ ಕಚೇರಿಗೆ ಬರುವ ಹೆಣ್ಣುಮಕ್ಕಳನ್ನು ನಾನು ಏಟಿನ ಬಗ್ಗೆ ಆಮೇಲೆ ಕೇಳುತ್ತೇನೆ. ಮೊದಲ ಪ್ರಶ್ನೆ: ‘ವೀಸಾ ಅಕೌಂಟಿಗೆ ಕೊಟ್ಟಿರೋ ಇಮೇಲ್ ಯಾರದು?’ ‘ಅವರದೇ ಮೇಡಂ’ ಅನ್ನುತ್ತಾರೆ. 2024ರ ಕೊನೆಗೆ ಪ್ಲಾಸ್ಟಿಕ್ ವೀಸಾ ಕಾರ್ಡುಗಳ ಕಾಲ ಮುಗಿದು ಇ-ವೀಸಾ ಬಂತು. ಮೊದಲು ಗಂಡ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ, ಬೀಗವನ್ನಾದರೂ ಒಡೆಯಬಹುದಿತ್ತು. ಈಗ ಲಾಗಿನ್ ಕೋಡ್ ಅವನ ಫೋನಿಗೆ ಹೋಗುತ್ತದೆ.

ವಲಸೆ ಕಾನೂನಿನ ವಕೀಲೆ ಅಂದಕೂಡಲೇ ಊರಿನವರು ಕೇಳುವುದುಂಟು: ಅಂಥ ದೇಶದಲ್ಲಿ ಹೊಡೆಸಿಕೊಂಡು ಯಾಕೆ ಕೂರುತ್ತಾರೆ, ಅಲ್ಲಿ ಕಾನೂನಿಲ್ಲವೇ? ಇದೆ. 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಯ ದುಡ್ಡಿಗೆ ಕಡಿವಾಣ ಹಾಕಿ ಕಾಡುವುದನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. ತೊಡಕು ಶುರುವಾಗುವುದು ಅವತ್ತು ರಾತ್ರಿ ಎಲ್ಲಿ ಮಲಗುವುದು ಎಂಬಲ್ಲಿ.

ಇಲ್ಲಿನ ರೆಫ್ಯೂಜ್‌ಗಳು, ಅಂದರೆ ವಿಳಾಸ ಗುಟ್ಟಾಗಿಟ್ಟ ಆಶ್ರಯಮನೆಗಳು, ಬಹುಮಟ್ಟಿಗೆ ನಡೆಯುವುದು ಹೌಸಿಂಗ್ ಬೆನಿಫಿಟ್ ಮೇಲೆ, ಅಂದರೆ ಬಾಡಿಗೆಗೆ ಸಿಗುವ ಸರ್ಕಾರಿ ಭತ್ಯೆಯ ಮೇಲೆ. ಕೋಣೆಗೆ ಬಂದವಳ ಹೆಸರಿನಲ್ಲಿ ಬಾಡಿಗೆ ಬರಬೇಕು. ಮದುವೆಯಾಗಿ ಬಂದವಳ ವೀಸಾದಲ್ಲಿ ಸಾಮಾನ್ಯವಾಗಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂದಿರುತ್ತದೆ: ಸರ್ಕಾರದ ಭತ್ಯೆಗಳು ಸಿಗುವುದಿಲ್ಲ. ಹಾಗಾಗಿ ಆಶ್ರಯಮನೆಯವರು ಫೋನಿನಲ್ಲಿ ಕೇಳುವುದೂ ‘ಯಾವ ವೀಸಾ?’ ಅಂತಲೇ. ಅವರನ್ನು ಬಯ್ಯಲಾರೆ, ತಿಂಗಳ ಲೆಕ್ಕ ಅವರಿಗೂ ಇದೆ. ಮಗುವಿದ್ದರೆ 1989ರ ಮಕ್ಕಳ ಕಾಯ್ದೆಯ 17ನೇ ಸೆಕ್ಷನ್ ಹಿಡಿದು ನೆರವಿಗಾಗಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಬಾಗಿಲು ಬಡಿಯಬಹುದು.

ವೀಸಾದ ಆ ಒಂದು ಸಾಲನ್ನೇ ಗಂಡಂದಿರು ಹಿಗ್ಗಿಸಿ ಹೇಳಿರುತ್ತಾರೆ. ‘ಆಸ್ಪತ್ರೆಗೆ ಹೋದರೆ ವೀಸಾ ರದ್ದು, ಪೊಲೀಸರಿಗೆ ಹೇಳಿದರೆ ಡಿಪೋರ್ಟ್.’ ಆಸ್ಪತ್ರೆಯ ಮಾತು ಶುದ್ಧ ಸುಳ್ಳು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಮಕ್ಕಳ ಶಾಲೆ, ಕಾನೂನು ನೆರವಿನ ಲೀಗಲ್ ಏಡ್ ಯಾವುದೂ ಈ ‘ಪಬ್ಲಿಕ್ ಫಂಡ್ಸ್’ ಲೆಕ್ಕಕ್ಕೆ ಬರುವುದಿಲ್ಲ. ಪೊಲೀಸರ ಮಾತು ಮುಕ್ಕಾಲು ಸುಳ್ಳು. ನೊಂದವಳ ವಿವರ ಅವರಿಂದ ವೀಸಾ ನೋಡಿಕೊಳ್ಳುವ ಗೃಹ ಇಲಾಖೆಗೆ, ಅಂದರೆ ಹೋಮ್ ಆಫೀಸಿಗೆ, ದಾಟುವುದುಂಟು. ಈ ಬಗ್ಗೆ ಮಹಿಳಾ ಸಂಘಟನೆ ಸೌಥಾಲ್ ಬ್ಲ್ಯಾಕ್ ಸಿಸ್ಟರ್ಸ್ ಮತ್ತು ಮಾನವ ಹಕ್ಕುಗಳ ಸಂಘಟನೆ ಲಿಬರ್ಟಿ 2018ರಲ್ಲೇ ದೂರು ಕೊಟ್ಟಿದ್ದವು. ಆದರೂ ಜೀವಕ್ಕೆ ಕುತ್ತು ಬಂದಾಗ ತುರ್ತು ಸಂಖ್ಯೆ 999 ಒತ್ತಿ. ಬಾಯಿ ಬಿಡುವಂತಿಲ್ಲದಿದ್ದರೆ, ಮೊಬೈಲಿನಿಂದ ಕರೆ ಮಾಡಿದವರು, ಆ ಕಡೆಯಿಂದ ಹೇಳಿದಾಗ 55 ಒತ್ತಿದರೆ ಪೊಲೀಸರಿಗೆ ಕರೆ ಹೋಗುತ್ತದೆ.

ಇಂಥ ಸಂಘಟನೆಗಳು ವರ್ಷಗಟ್ಟಲೆ ಬಡಿದಾಡಿದ ಮೇಲೆ 2012ರಲ್ಲಿ ಒಂದು ರಿಯಾಯಿತಿ ಬಂತು. ಈಗ ಅದನ್ನು ಎಂವಿಡಿಎಸಿ, ಅಂದರೆ ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕ ವಲಸಿಗರ ರಿಯಾಯಿತಿ, ಅನ್ನುತ್ತೇವೆ. ಶುಲ್ಕವಿಲ್ಲದ ಒಂದು ಫಾರ್ಮ್, ಒಪ್ಪಿದರೆ ಮೂರು ತಿಂಗಳು ಭತ್ಯೆ. ಗಂಡ ಬ್ರಿಟಿಷ್ ಪ್ರಜೆ ಅಥವಾ ಕಾಯಂ ನಿವಾಸಿಯಾಗಿದ್ದರೆ, ಅಷ್ಟರೊಳಗೆ ಅವಳು ತನ್ನದೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅವನು ಊರಿಗೆ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು ಬಿಟ್ಟು ಬಂದಿದ್ದರೂ 2024ರಿಂದ ಅಲ್ಲಿಂದಲೇ ಅರ್ಜಿಗೆ ದಾರಿಯಿದೆ. ತವರಿನವರು ಇದನ್ನು ತಿಳಿದಿರಬೇಕು.

ನಮ್ಮ ಕಡೆಯ ಹುಡುಗಿಯರಲ್ಲಿ ಹಲವರು ಬರುವುದು ಕೆಲಸದ ವೀಸಾದಲ್ಲಿರುವ ಸಾಫ್ಟ್‌ವೇರ್ ಗಂಡನ ಡಿಪೆಂಡೆಂಟ್ ಆಗಿ. 2024ರ ಫೆಬ್ರುವರಿಯಿಂದ ಅವರಿಗೂ ಮೂರು ತಿಂಗಳು ಸಿಗುತ್ತದೆ, ಮುಂದಿನ ಕಾಯಂ ವಾಸದ ದಾರಿ ಮಾತ್ರ ಇಲ್ಲ. ಮೇಲಾಗಿ ಫಾರ್ಮ್ ಒಪ್ಪಿದ ದಿನ ಹಳೆಯ ವೀಸಾ ಹೋಗಿ ಮೂರು ತಿಂಗಳಿನದು ಬರುತ್ತದೆ. ಫಾರ್ಮ್ ಹಾಕದೆ ಮನೆ ಬಿಟ್ಟರೂ, ಸಂಸಾರ ಮುರಿದಿದೆ ಎಂದು ಗಂಡ ಹೋಮ್ ಆಫೀಸಿಗೆ ಒಂದು ಪತ್ರ ಬರೆದರೆ ಸಾಮಾನ್ಯವಾಗಿ ಉಳಿಯುವುದು 60 ದಿನ. ಸ್ವಂತ ಸ್ಕಿಲ್ಡ್ ವರ್ಕರ್ ವೀಸಾ? 2025ರ ಜುಲೈನಿಂದ ಅದಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಕೈಯಲ್ಲಿ ಬಸ್ಸಿನ ದುಡ್ಡೂ ಇಲ್ಲದವಳಿಗೆ ಇದನ್ನು ವಿವರಿಸುವಾಗ ನನಗೇ ನಾಚಿಕೆಯಾಗುತ್ತದೆ. ಬ್ರಿಟನ್ 2022ರಲ್ಲಿ ಹೆಣ್ಣುಮಕ್ಕಳ ಮೇಲಿನ ಹಿಂಸೆ ತಡೆಯುವ ಇಸ್ತಾಂಬುಲ್ ಒಪ್ಪಂದವನ್ನು ಅನುಮೋದಿಸಿದಾಗ ಹೊರಗಿಟ್ಟದ್ದು ಇಂಥವರ ವಾಸದ ಹಕ್ಕಿಗೆ ಸಂಬಂಧಿಸಿದ 59ನೇ ವಿಧಿಯನ್ನೇ.

ಅಂಥ ಒಬ್ಬಳು ಬಂದಿದ್ದಳು. ಗುರುತು ಸಿಗದಂತೆ ವಿವರ ಬಿಟ್ಟಿದ್ದೇನೆ. ಸ್ಪೀಕರಿನಲ್ಲಿ ಅವಳ ಅಪ್ಪ: ‘ಐದು ವರ್ಷ ಹೇಗೋ ಕಳೀಲಿ ಮೇಡಂ, ಪಿಆರ್ ಬಂದಮೇಲೆ ನೋಡೋಣ.’ ಆ ಪಿಆರ್ ಅರ್ಜಿಯ ಹೊತ್ತಿಗೂ ಅವನ ಜೊತೆ ಸಂಸಾರ ನಡೆಯುತ್ತಿರಬೇಕು, ಅದು ಅವನಿಗೂ ಗೊತ್ತು ಎಂದೆ. ಆ ಕಡೆ ಮಾತು ನಿಂತಿತು. ಅವಳು ಬೇರೆಯದೇ ಕೇಳಿದಳು: ‘ಮೂರು ತಿಂಗಳಾದ ಮೇಲೆ ಏನು ಮೇಡಂ?’ ಅವತ್ತು ಫಾರ್ಮ್ ತುಂಬಲಿಲ್ಲ. ಅವಳ ಹೆಸರಿನಲ್ಲಿ ಹೊಸದೊಂದು ಇಮೇಲ್ ತೆರೆದು, ಪಾಸ್‌ವರ್ಡ್ ಬಾಯಿಪಾಠ ಮಾಡಿಸಿ ಕಳಿಸಿದೆ.